ಕಣ್ಣಿಗೆ ಕಂಡ ಎರರ್, ಗ್ರೆಪ್‌ಗೆ ಕಾಣಲಿಲ್ಲ!

ಆರನೇ ಸೆಮಿಸ್ಟರ್ ಮುಗಿಸಿ ಬೆಂಗಳೂರಿನ ಪುಟ್ಟ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ್ದೆ. ಮೊದಲ ಕೆಲಸ, ರಾತ್ರಿ ಬ್ಯಾಕಪ್ ತೆಗೆಯುವ ಪ್ರೋಗ್ರಾಮ್‌ಗೆ ಲಾಗ್ ಬರೆಸುವುದು. ಅಂದರೆ ಎಷ್ಟೊತ್ತಿಗೆ ಏನಾಯಿತು ಎನ್ನುವ ದಿನಚರಿ. ಬರೀ ಕಪ್ಪು-ಬಿಳುಪು ಬೋರು ಅನ್ನಿಸಿ ಎರರ್‌ಗೆ ಕೆಂಪು, ಉಳಿದದ್ದಕ್ಕೆ ಹಸಿರು ಬಳಿದೆ. ಟರ್ಮಿನಲ್‌ನಲ್ಲಿ ನೋಡಿದ ಸೀನಿಯರ್ ‘ಪರವಾಗಿಲ್ವೇ’ ಎಂದರು. ಉಬ್ಬಿಹೋದೆ.

ಲಾಗ್ ಫೈಲಿನಲ್ಲಿ ‘ಎರರ್’ ಪದ, ಅದರ ಬೆನ್ನಿಗೇ ಕೋಲನ್ ಇದ್ದರೆ ಗ್ರೆಪ್‌ನಿಂದ ಹುಡುಕಿ ಬೆಳಿಗ್ಗೆ ಆರಕ್ಕೆ ಮೇಲ್ ಕಳಿಸುವ ಹಳೇ ಸ್ಕ್ರಿಪ್ಟ್ ಅಲ್ಲಿತ್ತು. ನಾಲ್ಕು ದಿನ ಮೇಲ್ ಬರಲಿಲ್ಲ, ಎಲ್ಲರೂ ನಿಶ್ಚಿಂತೆ. ಐದನೇ ದಿನ ಅಳಿಸಿಹೋದ ಫೈಲೊಂದು ಬೇಕಾಯಿತು. ನೋಡಿದರೆ ಬ್ಯಾಕಪ್ ಡಿಸ್ಕ್ ತುಂಬಿ ನಾಲ್ಕು ರಾತ್ರಿಯಿಂದ ಏನೂ ಉಳಿದಿಲ್ಲ!

‘ಕ್ಯಾಟ್’ ಕಮಾಂಡ್ ಹೊಡೆದರೆ ಎರರ್ ಕೆಂಪಗೆ ಕಣ್ಣಿಗೆ ರಾಚುತ್ತಿದೆ. ಗ್ರೆಪ್ ಮಾತ್ರ ಸಿಗಲೇ ಇಲ್ಲ ಅನ್ನುತ್ತಿದೆ. ಎರಡು ಗಂಟೆ ತಲೆ ಕೆರೆದುಕೊಂಡು ಕೊನೆಗೆ ಎಡಿಟರ್‌ನಲ್ಲಿ ತೆರೆದಾಗ ಗುಟ್ಟು ರಟ್ಟಾಯಿತು. ಟರ್ಮಿನಲ್ ಬಣ್ಣಗಳೂ ಅಕ್ಷರಗಳೇ ಕಣ್ರೀ. 27ನೇ ಸಂಖ್ಯೆಯ ಎಸ್ಕೇಪ್, ಒಂದು ಚೌಕ ಕಂಸ, 31, ಎಂ ಅಕ್ಷರ ಬಂದರೆ ಕೆಂಪು ಶುರು. 31ರ ಜಾಗದಲ್ಲಿ 0 ಬಂದರೆ ಬಣ್ಣ ಬಂದ್. ನನ್ನ ಗ್ರಹಚಾರಕ್ಕೆ ಆ ಸೊನ್ನೆಯ ಕೋಡ್ ‘ಎರರ್’ಗೂ ಕೋಲನ್‌ಗೂ ನಡುವೆ ಹೋಗಿ ಕೂತಿತ್ತು. ಟರ್ಮಿನಲ್ ಅದನ್ನು ನುಂಗಿ ಬಣ್ಣ ತೋರಿಸುತ್ತದೆ, ಗ್ರೆಪ್ ಇದ್ದದ್ದನ್ನು ಇದ್ದ ಹಾಗೆ ಓದುತ್ತದೆ. (ಈ ಎಸ್ಕೇಪ್ ಕೋಡ್‌ಗಳನ್ನು ಜನಪ್ರಿಯಗೊಳಿಸಿದ 1978ರ ವಿಟಿ100 ಟರ್ಮಿನಲ್‌ಗೆ ಬಣ್ಣವೇ ಇರಲಿಲ್ಲ!)

ರೂಮ್‌ಮೇಟ್ ಒಪ್ಪಲಿಲ್ಲ. ‘ಸಾವಿರ ಸಾಲಿನ ಮಧ್ಯೆ ಕೆಂಪು ಕಂಡ್ರೆ ಒಳ್ಳೇದೇ ಅಲ್ವಾ ಮಗಾ? ಬೇಡ ಅಂದ್ರೆ ಸೆಡ್ ಕಮಾಂಡ್‌ನಲ್ಲಿ ಕಿತ್ತಾಕು’ ಎಂದ. ಮನುಷ್ಯರಷ್ಟೇ ಓದುವ ಲಾಗ್ ಆದರೆ ಅವನ ಮಾತು ಸರಿಯೇ. ಆದರೆ ಕೋಡ್ ಇದೆ ಎಂದು ಗೊತ್ತಿದ್ದರೆ ತಾನೇ ಕೀಳುವುದು? ಫೈಲಿನಲ್ಲಿ ‘ಎರರ್’ ಪದ ಸ್ವಚ್ಛವಾಗಿದ್ದರೆ ಓದುವಾಗ ಯಾವ ಬಣ್ಣ ಬೇಕಾದರೂ ಹಚ್ಚಿಕೊಳ್ಳಬಹುದು.

ಪ್ರೋಗ್ರಾಮ್ ಬರೆಯುತ್ತಿರುವುದು ಟರ್ಮಿನಲ್‌ಗೋ ಫೈಲಿಗೋ ಎಂದು ಹೇಳುವ ‘ಈಸ್‌ಎಟಿಟಿವೈ’ ಫಂಕ್ಷನ್ ಮೊದಲಿನಿಂದಲೂ ಇದೆ, ನಾನೇ ನೋಡಿರಲಿಲ್ಲ. ಅದನ್ನು ಸೇರಿಸಿದೆ. ಟರ್ಮಿನಲ್‌ನಲ್ಲಿ ಕೆಂಪು, ಫೈಲಿನಲ್ಲಿ ಬರೀ ಅಕ್ಷರ. ಡಿಸ್ಕ್ ಖಾಲಿ ಮಾಡುವುದನ್ನು ಸೀನಿಯರ್ ಬೇಕಂತಲೇ ಒಂದು ದಿನ ಮುಂದೂಡಿದರು. ಮರುದಿನ ಆರಕ್ಕೆ ಮೇಲ್ ಬಂತು: ಎರಡು ಎರರ್. ಎರರ್ ನೋಡಿ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.