ತೊಟ್ಟಿಲ ಕೋಣೆ: ತಪ್ಪು ಕಲ್ಪನೆ ಮತ್ತು ಸತ್ಯ

ಮನೆಗೆ ಕಂದನೊಂದು ಬರಲಿದೆಯೆಂಬ ವಾರ್ತೆ ತಿಳಿದೊಡನೆ ಗೋಡೆಗಳಿಗೆ ಬಣ್ಣ ಬಳಿಸಿ, ಅಟ್ಟದ ತೊಟ್ಟಿಲನ್ನು ಕೆಳಗಿಳಿಸಿ, ಟ್ರಂಕಿನೊಳಗಿನ ಕೌದಿ ಕುಲಾವಿಗಳನ್ನು ಹೊರತೆಗೆದು, ಸಾಂಬ್ರಾಣಿಯನ್ನು ತಂದಿರಿಸುವ ಸಂಭ್ರಮವನ್ನು ಕಾಣದ ಕುಟುಂಬ ನಮ್ಮಲ್ಲಿ ವಿರಳ. ಆದರೆ ಈ ಸಂಭ್ರಮದ ನಡುವೆ ಕೋಣೆಯ ಗಾಳಿಯನ್ನೂ ನೆನೆಯಬೇಕು: ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ನವಜಾತ ಶಿಶುವು 40ರಿಂದ 60 ಬಾರಿ ಉಸಿರಾಡುತ್ತದೆ. ದಿನದ 14ರಿಂದ 17 ಗಂಟೆಗಳನ್ನು ನಿದ್ರೆಯಲ್ಲಿಯೇ ಕಳೆಯತಕ್ಕ ಆ ಜೀವಕ್ಕೆ ಕೋಣೆಯ ಗಾಳಿಯೇ ಲೋಕದ ಗಾಳಿ. ಆದುದರಿಂದ ಆ ಕೋಣೆಗೆ ಏನನ್ನು ತರಬೇಕೆಂದು ಯೋಚಿಸುವ ಮೊದಲು, ಅಲ್ಲಿಂದ ಏನನ್ನು ಹೊರಗಿಡಬೇಕೆಂದು ವಿಚಾರಿಸುವುದು ಯುಕ್ತ.

ಕಲ್ಪನೆ: ಬಣ್ಣದ ವಾಸನೆ ಹೋಯಿತೆಂದರೆ ವಿಷವೂ ಹೋಯಿತು.

ಸತ್ಯ: ಮೂಗು ನಂಬತಕ್ಕ ಸಾಕ್ಷಿಯಲ್ಲ. ಹೊಸ ಬಣ್ಣದ ರಾಸಾಯನಿಕ ಆವಿ ವಾಸನೆ ಅಡಗಿದ ಮೇಲೂ ಕೆಲಕಾಲ ಹೊರಡುತ್ತಲೇ ಇರುತ್ತದೆ. ಪ್ಲೈವುಡ್ ಕಪಾಟಿನ ಅಂಟು ತಿಂಗಳುಗಟ್ಟಲೆ ಫಾರ್ಮಾಲ್ಡಿಹೈಡನ್ನು ಬಿಡಬಲ್ಲುದು. ಸೀಸಕ್ಕಂತೂ ವಾಸನೆಯೇ ಇಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಜ್ಜಿಯ ಕಾಲದಿಂದ ಪದರದ ಮೇಲೆ ಪದರವಾಗಿ ಬಣ್ಣ ಬಳಿಸಿಕೊಂಡು ಬಂದ ತೊಟ್ಟಿಲನ್ನು, ಅಕ್ಕರೆಯಿಂದಲೇ ಆದರೂ, ಬಸುರಿಯ ಎದುರು ಉಪ್ಪುಕಾಗದದಿಂದ ಉಜ್ಜತೊಡಗಿದರೆ ಏಳುವ ಧೂಳಿನಲ್ಲಿ ಆ ಹಳೆಯ ಸೀಸವೂ ಇದ್ದೀತು. ಬಣ್ಣ ಬಳಿಸಲೇಬೇಕಾದರೆ ಹೆರಿಗೆಗೆ ಹಲವು ವಾರ ಮೊದಲೇ ಮುಗಿಸಿ, ಕಿಟಕಿಗಳನ್ನು ತೆರೆದಿಡತಕ್ಕುದು.

ಕಲ್ಪನೆ: ಸಾಂಬ್ರಾಣಿಯ ಹೊಗೆಯಿಂದ ಗಾಳಿ ಶುದ್ಧವಾಗಿ ಮಗು ಸುಖವಾಗಿ ನಿದ್ರಿಸುತ್ತದೆ.

ಸತ್ಯ: ಎಣ್ಣೆನೀರು ಹಾಕಿದ ಮಗುವಿಗೆ ಕೆಂಡದ ಮೇಲಿನ ಹೊಗೆ ಹಿಡಿಯುವ ಪದ್ಧತಿಯ ಹಿಂದೆ ಎಷ್ಟೇ ಪ್ರೀತಿಯಿದ್ದರೂ ಹೊಗೆ ಹೊಗೆಯೇ, ಕೆಂಡವು ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡನ್ನೂ ಬಿಡುತ್ತದೆ. ಸೊಳ್ಳೆಬತ್ತಿಯೂ ಇದೇ ಜಾತಿಯದು. ಚೀನಾ ಮತ್ತು ಮಲೇಷ್ಯಾಗಳ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಬತ್ತಿ ಪೂರ್ತಿ ಉರಿದಾಗ ಬರುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟುಗಳಿಂದ ಬರುವುದಕ್ಕೆ ಸಮನೆಂದು ಕಂಡುಬಂದಿತು. ಸೊಳ್ಳೆಗೆ ಸರಿಯಾದ ಉತ್ತರ ಸೊಳ್ಳೆ ಪರದೆ.

ಕಲ್ಪನೆ: ಕರ್ಪೂರ, ನುಸಿಗುಳಿಗೆಗಳು ಎಲ್ಲರ ಮನೆಯಲ್ಲಿಯೂ ಇರತಕ್ಕ ವಸ್ತುಗಳು, ಅವುಗಳಿಂದೇನು ಕೇಡು?

ಸತ್ಯ: ಪರಿಚಿತವಾದ ಮಾತ್ರಕ್ಕೆ ವಸ್ತುವು ನಿರಪಾಯಕಾರಿಯಾಗದು. ನೆಗಡಿಗೆಂದು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಲಿಗೆ ತೂಗಬಿಡುವ ಕರ್ಪೂರವು ಶಿಶುವಿನ ದೇಹವನ್ನು ಸೇರಿದರೆ ಸೆಳವು ಬರಬಹುದು. ನುಸಿಗುಳಿಗೆಯದು ಇನ್ನೂ ಗೂಢವಾದ ಅಪಾಯ. ವರ್ಷಗಟ್ಟಲೆ ಆ ಬಿಳಿ ಗುಳಿಗೆಗಳ ನಡುವೆ ಮಡಿಸಿಟ್ಟ ಕೌದಿಯನ್ನು ತೆಗೆದು ಹಾಗೆಯೇ ಮಗುವಿಗೆ ಹೊದಿಸಿದಾಗ, ನ್ಯಾಫ್ತಲೀನಿನ ಆವಿ ಉಸಿರಿನಿಂದಲೂ ಚರ್ಮದಿಂದಲೂ ಒಳಸೇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯನ್ನು ಹುಟ್ಟಿನಿಂದಲೇ ಪಡೆದು ಬಂದ ಶಿಶುಗಳಲ್ಲಿ (ಹೊರಗಿನಿಂದ ಆ ಕೊರತೆ ಗೊತ್ತಾಗುವಂತೆಯೇ ಇರುವುದಿಲ್ಲ) ಈ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ತೀವ್ರವಾಗಿ ಏರಿ, ಮಿದುಳಿಗೇ ಹಾನಿ ತಟ್ಟಬಹುದು. ಅಂಥ ಬಟ್ಟೆಯನ್ನು ಮತ್ತೆ ಮತ್ತೆ ಒಗೆದು, ದಿನಗಟ್ಟಲೆ ಗಾಳಿ ಬಿಸಿಲುಗಳಲ್ಲಿ ಹರವಿದ ಮೇಲೂ ವಾಸನೆ ಉಳಿದಿದ್ದರೆ ಮಗುವಿನ ಹತ್ತಿರ ತರಬಾರದು.

ಕಲ್ಪನೆ: ಕುಂಡದ ಗಿಡವೊಂದಿದ್ದರೆ ಗಾಳಿ ತಾನೇ ಶುದ್ಧಿಯಾಗುತ್ತದೆ.

ಸತ್ಯ: ಈ ನಂಬಿಕೆಗೆ ಮೂಲವಾದ 1989ರ ನಾಸಾ ಪ್ರಯೋಗ ನಡೆದದ್ದು ಚಿಕ್ಕ, ಮುಚ್ಚಿದ ಪೆಟ್ಟಿಗೆಗಳಲ್ಲಿ. ಮನೆಯ ಕೋಣೆಯಲ್ಲಿ ಒಂದೆರಡು ಕುಂಡಗಳಿಗಿಂತ ತೆರೆದ ಕಿಟಕಿಯೇ ಹೆಚ್ಚು ಕೆಲಸ ಮಾಡುತ್ತದೆ.

ಕಲ್ಪನೆ: ಮೆತ್ತನೆಯ ಹಾಸಿಗೆ, ತಲೆ ಗುಂಡಗಾಗಲು ಸಾಸಿವೆ ದಿಂಬು, ಪ್ರತ್ಯೇಕ ಕೋಣೆ, ಇವಿದ್ದರೆ ನಿದ್ರೆ ಸುಖಕರ.

ಸತ್ಯ: ಮೆತ್ತನೆಯ ಹಾಸಿಗೆಯೂ ದಿಂಬೂ ಶಿಶುವಿನ ಮೂಗುಬಾಯಿಗಳನ್ನು ಮುಚ್ಚಿ ಉಸಿರು ಕಟ್ಟಿಸಬಲ್ಲವು. ಮಗುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ, ದಿಂಬಿಲ್ಲದೆ ಅಂಗಾತ ಮಲಗಿಸತಕ್ಕುದು. ಅಂಗಾತ ಮಲಗಿಸಿರೆಂದು ಬ್ರಿಟನ್ನಿನಲ್ಲಿ 1991ರಲ್ಲಿಯೂ ಅಮೆರಿಕದಲ್ಲಿ 1994ರಲ್ಲಿಯೂ ಆಂದೋಲನ ನಡೆದ ತರುವಾಯ ಶಿಶುಗಳ ಹಠಾತ್ ಮರಣಗಳು ಗಣನೀಯವಾಗಿ ಇಳಿದುವು. ಇನ್ನು ಪ್ರತ್ಯೇಕ ಕೋಣೆಯ ವಿಷಯದಲ್ಲಿ ನಮ್ಮ ಅಜ್ಜಿಯರ ರೂಢಿಯೇ ಸರಿಯಾದುದು: ಮೊದಲ 6 ತಿಂಗಳಾದರೂ ಮಗುವು ತಾಯಿಯ ಕೋಣೆಯಲ್ಲಿಯೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಬೇಕೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.

ಕಲ್ಪನೆ: ಕೋಣೆ ನಿರ್ಮಲವಾದರೆ ಮಗು ರಾತ್ರಿಯಿಡೀ ನಿದ್ರಿಸುತ್ತದೆ.

ಸತ್ಯ: ಎಳೆಯ ಮಗುವಿನ ಜಠರ ಚಿಕ್ಕದು, ಹಗಲಿರುಳುಗಳ ಭೇದವನ್ನು ಅದರ ದೇಹ ಅರಿಯಲು ತಿಂಗಳುಗಳೇ ಬೇಕು. ರಾತ್ರಿ ಹಸಿದು ಎಚ್ಚರಗೊಳ್ಳುವುದು ಆರೋಗ್ಯದ ಲಕ್ಷಣವೇ ಹೊರತು ಕೋಣೆಯ ದೋಷವಲ್ಲ. ಗಟ್ಟಿ ಹಾಸಿಗೆ, ಒಗೆದ ಹತ್ತಿಬಟ್ಟೆ, ಸೊಳ್ಳೆ ಪರದೆ, ಗಾಳಿಯಾಡುವ ಕಿಟಕಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ತಾಯಿ: ಮಗುವಿಗೆ ಬೇಕಾದದ್ದು ಇಷ್ಟೇ, ಇದಕ್ಕೆ ತಗಲುವ ಖರ್ಚು ಗೋಡೆಯ ಬಣ್ಣದ ಖರ್ಚಿಗಿಂತ ಕಡಿಮೆ.