ಹಳೆ ರಾಶಿ ಮಷಿನ್‌ಗೆ ಬಣ್ಣ ಹೊಡೆಯುವ ಮುನ್ನ

ಕಲಬುರಗಿ, ಕಮಲಾಪುರ ಕಡೆ ತೊಗರಿ ರಾಶಿ ಮುಗಿದ ಮೇಲೆ ಬಯಲಲ್ಲೇ ನಿಂತ ಮಷಿನ್‌ಗಳ ತಗಡಿಗೆ ಮಳೆಗಾಲದಲ್ಲಿ ತುಕ್ಕಿನ ಗುಳಿ ಬೀಳುತ್ತೆ. ಅದರ ಮೇಲೇ ಬಣ್ಣ ಹೊಡೆದರೆ ತುಕ್ಕು ಒಳಗಿಂದಲೇ ತಿನ್ನುತ್ತಾ ಹೋಗುತ್ತೆ.

ಮೊದಲು ಜಿಡ್ಡು ಒರೆಸಿ, ವೈರ್ ಬ್ರಷ್‌ನಿಂದ ಗುಳಿಯ ತಳದವರೆಗೆ ಉಜ್ಜಿ, ಅದೇ ದಿನ ರೆಡ್ ಆಕ್ಸೈಡ್ ಹೊಡೆಯಬೇಕು. ಪುಟ್ಟಿ ಗುಳಿಗೆ ಮಾತ್ರ, ತೂತಿಗಲ್ಲ. ಓಡುವ ಡ್ರಮ್ಮಿನ ಸವೆದ ತಗಡು ಕಿತ್ತು ಬಂದರೆ ತೊಗರಿ ಹಾಕುವವರ ಜೀವಕ್ಕೇ ಅಪಾಯ. ಮಾರುವ ಮಷಿನ್ ಆದರೆ ತೂತನ್ನು ಕೊಳ್ಳುವವರಿಗೆ ತೋರಿಸಲೇಬೇಕು. ಒದ್ದೆ ಧಾನ್ಯವನ್ನು ಅಡಿಗೆ ಹಾಕಿ ಮಾರಿದವನ ಹದೀಸನ್ನು ನಾವು ಮದ್ರಸದಲ್ಲೇ ಕಲಿತಿದ್ದೇವಲ್ಲ.

ಪುಟ್ಟಿ ತಿಕ್ಕಿ, ಮತ್ತೆ ಪ್ರೈಮರ್. ಸ್ಪ್ರೇ ಮಾತ್ರ ಬೆಳಿಗ್ಗೆಯೇ ಮಾಡಿ. ನಮ್ಮೂರ 40 ಡಿಗ್ರಿ ಬಿಸಿಲಲ್ಲಿ ಬಣ್ಣದ ಹನಿ ತಗಡು ಮುಟ್ಟುವ ಮೊದಲೇ ಪುಡಿಯಾಗುತ್ತೆ. ತೆಳುವಾಗಿ ಎರಡು-ಮೂರು ಸಲ ಸಾಕು. ಕರವಸ್ತ್ರ ಥಿನ್ನರ್ ಆವಿಯನ್ನು ತಡೆಯಲ್ಲ, ಅದಕ್ಕೆಂದೇ ಇರುವ ಮಾಸ್ಕ್ ಹಾಕಿ.