ಪಶ್ಚಿಮ ಪರ್ತ್‌ನ 46 ಮತಗಳು

1920ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಅಟಾರ್ನಿ ಜನರಲ್ ಥಾಮಸ್ ಡ್ರೇಪರ್ ಒಂದು ಮಸೂದೆ ತಂದರು. ಹೆಣ್ಣುಮಕ್ಕಳೂ ರಾಜ್ಯದ ಶಾಸನಸಭೆಗೆ ಸ್ಪರ್ಧಿಸಬಹುದು ಎಂಬುದು ಅದರ ಸಾರ. ಮರುವರ್ಷವೇ ಆ ಕಾನೂನಿನ ಬಲದಿಂದ ಕಣಕ್ಕಿಳಿದ ಈಡಿತ್ ಕೌವನ್, ಪಶ್ಚಿಮ ಪರ್ತ್ ಕ್ಷೇತ್ರದಲ್ಲಿ ಡ್ರೇಪರ್ ಅವರನ್ನೇ 46 ಮತಗಳಿಂದ ಸೋಲಿಸಿದರು. ಆಸ್ಟ್ರೇಲಿಯಾದಲ್ಲಿ ಮಹಿಳೆಯೊಬ್ಬರು ಶಾಸಕಿಯಾದದ್ದು ಅದೇ ಮೊದಲು. ಆಗ ಅವರಿಗೆ 59 ವರ್ಷ.

ಇದು ಆಕಸ್ಮಿಕದ ಗೆಲುವಲ್ಲ. ಈಡಿತ್ ಹುಟ್ಟಿದ್ದು 1861ರಲ್ಲಿ, ಜೆರಾಲ್ಡ್‌ಟನ್ ಹತ್ತಿರ. 1868ರಲ್ಲಿ ತಾಯಿ ಹೆರಿಗೆಯಲ್ಲೇ ತೀರಿಕೊಂಡರು. 1876ರಲ್ಲಿ ತಂದೆ ಕೆನೆತ್ ಬ್ರೌನ್ ಎರಡನೇ ಹೆಂಡತಿಯನ್ನು ಗುಂಡಿಟ್ಟು ಕೊಂದು ಗಲ್ಲಿಗೇರಿದರು. ಹದಿಹರೆಯದ ಹುಡುಗಿಯ ಪಾಲಿಗೆ ಮನೆ ಎಂಬುದೇ ಉಳಿಯಲಿಲ್ಲ. ಮೂರು ವರ್ಷದ ನಂತರ ಕೈಹಿಡಿದ ಜೇಮ್ಸ್ ಕೌವನ್ ನ್ಯಾಯಾಲಯದ ಅಧಿಕಾರಿ, ಮುಂದೆ ಪರ್ತ್‌ನ ಮ್ಯಾಜಿಸ್ಟ್ರೇಟ್. 1894ರಲ್ಲಿ ಈಡಿತ್ ಗೆಳತಿಯರೊಡನೆ ಕಟ್ಟಿದ ಕರಕಟ್ಟಾ ಕ್ಲಬ್ಬಿನಲ್ಲಿ ಓದು, ಚರ್ಚೆ, ಭಾಷಣ ನಡೆಯುತ್ತಿದ್ದವು. 1915ರಲ್ಲಿ ಅವರೇ ಮಕ್ಕಳ ನ್ಯಾಯಾಲಯದ ಪೀಠದಲ್ಲಿ ಕುಳಿತರು. ಹೆಣ್ಣಿನ ಸಂಕಟಕ್ಕೆ ಕನಿಕರವಷ್ಟೇ ಸಾಲದು, ಕಾನೂನೇ ಬದಲಾಗಬೇಕು ಎಂಬ ಅವರ ನಿಲುವು ಈ ಬದುಕಿನಲ್ಲೇ ಬಲಿತದ್ದೆಂದು ನನ್ನ ನಂಬಿಕೆ.

ಸದನದಲ್ಲಿ ಅವರು ಎತ್ತಿದ ಪ್ರಶ್ನೆಗಳಲ್ಲಿ ಒಂದು ನನಗೆ ಬಹಳ ಹಿಡಿಸುತ್ತದೆ. ರೈಲಿನಲ್ಲಿ ಕೂಸಿನ ತಳ್ಳುಗಾಡಿ ಒಯ್ಯಲು ಒಂದು ಶಿಲಿಂಗ್ ತೆರಬೇಕಿತ್ತು. ಅದನ್ನು ಕೊಡಲಾಗದ ತಾಯಿ ಗಾಡಿಯನ್ನು ಮನೆಯಲ್ಲೇ ಬಿಟ್ಟು, ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹೊತ್ತು ನಿಲ್ದಾಣದ ಮೆಟ್ಟಿಲು ಹತ್ತಬೇಕು. ಗಂಡಸರೇ ತುಂಬಿದ್ದ ಸಭೆಗೆ ಅದುವರೆಗೆ ಇದೊಂದು ವಿಷಯವೇ ಆಗಿರಲಿಲ್ಲ.

ಉಯಿಲು ಬರೆಯದೆ, ಸಂತಾನವಿಲ್ಲದೆ ಸತ್ತ ಮಗನ ಅಥವಾ ಮಗಳ ಆಸ್ತಿಯಲ್ಲಿ ತಂದೆಯಷ್ಟೇ ಪಾಲು ತಾಯಿಗೂ ಸಿಗುವಂತಾದದ್ದು 1922ರಲ್ಲಿ, ಅವರ ಪ್ರಯತ್ನದಿಂದ. 1923ರಲ್ಲಿ ಅವರು ಮಂಡಿಸಿದ ಖಾಸಗಿ ಮಸೂದೆ ಕಾನೂನಾಗಿ, ವಕೀಲಿ ವೃತ್ತಿ ಹೆಣ್ಣುಮಕ್ಕಳಿಗೆ ತೆರೆಯಿತು. ಮೂರೇ ವರ್ಷದ ಅವಧಿಯಲ್ಲಿ ಒಬ್ಬ ಶಾಸಕಿ ಮಾಡಿದ ಈ ಕೆಲಸ ಸಣ್ಣದೇನಲ್ಲ.

ನ್ಯಾಷನಲಿಸ್ಟ್ ಪಕ್ಷದಿಂದ ಗೆದ್ದರೂ ಪಕ್ಷ ಹೇಳಿದ್ದಕ್ಕೆಲ್ಲ ಅವರು ಹೂಂಗುಟ್ಟಲಿಲ್ಲ. 1924ರಲ್ಲಿ ಸೋತರು, 1927ರಲ್ಲಿ ಮತ್ತೆ ನಿಂತು ಸೋತರು. 1932ರಲ್ಲಿ ತೀರಿಕೊಂಡರು. ಇಂದು ಆಸ್ಟ್ರೇಲಿಯಾದ 50 ಡಾಲರ್ ನೋಟಿನ ಮೇಲೆ ಅವರ ಚಿತ್ರವಿದೆ, ಪರ್ತ್‌ನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವಿದೆ. ಆದರೆ ಒಕ್ಕೂಟದ ಸಂಸತ್ತಿಗೆ ಸ್ಪರ್ಧಿಸುವ ಹಕ್ಕು 1902ರಲ್ಲೇ ಮಹಿಳೆಯರಿಗೆ ದಕ್ಕಿದ್ದರೂ, ಅಲ್ಲಿಗೆ ಮೊದಲ ಮಹಿಳೆಯರು ಆರಿಸಿಬಂದದ್ದು 1943ರಲ್ಲಿ.